ಸುಭೇದಾರ ದುರ್ಗಪ್ಪನ ಐದು ಗುಂಡು

ಆ ದಿನದ ರಂಪಕ್ಕೆಲ್ಲ ಕಾರಣ ಬೈಲಹೊಂಗಲದ ಪೇಟೆಯ ಚಹಾದಂಗಡಿಯಲ್ಲಿ ಸುಭೇದಾರ ದುರ್ಗಪ್ಪ ಆಡಿದ ಒಂದು ಮಾತು. ರವಿವಾರ ಮುಂಜಾನೆ ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತ, ಯಾರೂ ಕೇಳದಿದ್ದರೂ ಆತ ಹೇಳಿದ:

“ಈಗಿನ ಪಿಸ್ತೂಲು ಅಂದ್ರ ಹೊಸಾ ಅಳಿಯಾ ಇದ್ದಂಗ. ಚೂರು ಧೂಳ ಬಿದ್ರ ಸಾಕು, ಸಿಟ್ಟ ಮಾಡಿ ಕುಂತಬಿಡತೈತಿ. ನಮ್ಮ ರಿವಾಲ್ವರ್ ಹಂಗಲ್ಲ. ಹಳೇ ಹೆಂಡ್ತಿ ಇದ್ದಂಗ. ಗೊಣಗತೈತಿ, ಖರೆ, ಕೆಲಸ ಬಿಡೂದಿಲ್ಲ.”

ದುರ್ಗಪ್ಪ ಪಲ್ಟನ್ನಿನಿಂದ ಪಿಂಚಣಿ ಪಡೆದು ಬಂದವನು. ಬರುವಾಗ, ಬೆಳಗಾವಿ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಮುದಿ ಇಂಗ್ಲಿಷ್ ಕರ್ನಲ್ಲನಿಂದ ಒಂದು ಹಳೆಯ ವೆಬ್ಲಿ ರಿವಾಲ್ವರನ್ನು ಪರವಾನಗಿ ಸಮೇತ ಕೊಂಡು ತಂದಿದ್ದ. ಅದರ ಹೊಗಳಿಕೆ ಆತನಿಗೆ ಊಟಕ್ಕಿಂತ ಹೆಚ್ಚು. ಕೈಯಲ್ಲಿ ಹಿಡಿದರೆ ತಾನಾಗಿಯೇ ಕೂಡುವ ಆ ಭಾರ, ತೋಟೆಗೆ ಬಡಿಯುವ ಹಿಂದಿನ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದಾಗ ಬರುವ ಆ ‘ಟಕ್’ ಸಪ್ಪಳ, ಒಂದೊಂದೇ ಮನೆ ಮುಂದೆ ಸರಿಯುವ ಆ ಗುಂಡಿನ ಚಕ್ರ. ಅದಕ್ಕೆ ಅವಸರ ಎಂಬುದೇ ಗೊತ್ತಿಲ್ಲ, ಹೊಡೆಯುವವನಿಗೂ ಅವಸರ ಮಾಡಗೊಡುವುದಿಲ್ಲ ಎನ್ನುತ್ತಿದ್ದ. ರವಿವಾರಕ್ಕೊಮ್ಮೆ ಮುರಗೋಡ ದಾರಿಯ ಕಲ್ಲಿನ ಖಣಿಗೆ ಹೋಗಿ, ಬಂಡೆಗೆ ಹಚ್ಚಿದ ಹಾಳೆಯ ಕರಿ ಚುಕ್ಕೆಗೆ ಗುಂಡು ಹೊಡೆದು ಬಂದರೆ ವಾರವಿಡೀ ಆತನ ಮೀಸೆ ಮೇಲಕ್ಕೇ ಇರುತ್ತಿತ್ತು.

ಆ ಮಾತು ಚಹಾದಂಗಡಿಯಲ್ಲೇ ಉಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪಕ್ಕದ ಬಾಕಿನ ಮೇಲೆ ನೆರೆಮನೆಯ ಉಳವಪ್ಪ ಕುಳಿತಿದ್ದ. ಕೇಳಿದ್ದನ್ನು ನಾಲ್ಕು ಮಂದಿಗೆ ಹೇಳದಿದ್ದರೆ ಆತನಿಗೆ ಅನ್ನ ಅರಗುತ್ತಿರಲಿಲ್ಲ. ಎಮ್ಮೆಗೆ ಹತ್ತಿಕಾಳು ತರಲು ಬಾಳು ಸಾವಕಾರರ ಹತ್ತಿ ಬಿಡಿಸುವ ಜಿನ್ನಿಗೆ ಹೋದವನು ಅಲ್ಲಿಯ ಗುಮಾಸ್ತನ ಕಿವಿಯಲ್ಲಿ ಅದನ್ನು ಇಳಿಸಿದ. ಬಾಳು ಸಾವಕಾರರು ಆ ವರ್ಷ ಎರಡು ಹೊಸ ಸಾಮಾನು ತಂದಿದ್ದರು: ಮುಂಬಯಿಯಿಂದ ಒಂದು ಆಟೋಮ್ಯಾಟಿಕ್ ಪಿಸ್ತೂಲು, ರಾಮದುರ್ಗದಿಂದ ಒಬ್ಬ ಅಳಿಯ. ಗುಮಾಸ್ತನಿಂದ ಸಾವಕಾರರಿಗೆ ಮುಟ್ಟುವಷ್ಟರಲ್ಲಿ ಮಾತು ಹೀಗಾಗಿತ್ತು: ಸಾವಕಾರರ ಅಳಿಯ ಕೆಲಸಕ್ಕೆ ಬಾರದವ, ಮಾತುಮಾತಿಗೆ ಸಿಟ್ಟಾಗಿ ಕೂಡುತ್ತಾನೆ ಎಂದು ಸುಭೇದಾರ ಪೇಟೆಯ ತುಂಬ ಸಾರುತ್ತಿದ್ದಾನೆ. ಸಾವಕಾರರಿಗೆ ಹೆಚ್ಚು ಚುಚ್ಚಿದ್ದು ಅದು ನಿಜವಾಗಿದ್ದದ್ದು.

ದುರ್ಗಪ್ಪನ ತಾಟಿನಲ್ಲಿ ರೊಟ್ಟಿ ಆರುವ ಮೊದಲೇ ಮನೆಯ ಮುಂದೆ ಸಾವಕಾರರ ಜೀಪು ನಿಂತಿತು. ದುರ್ಗಪ್ಪ ಎದ್ದು ಬಂದು, ತಾನು ಆಡಿದ್ದು ಅಳಿಯನ ಮಾತಲ್ಲ, ಪಿಸ್ತೂಲಿನ ಮಾತು ಎಂದು ಸಮಾಧಾನ ಹೇಳಿದ. ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ಅಳಿಯನನ್ನು ಆರಿಸಿದವರು ಸಾವಕಾರರ ಹೆಂಡತಿ. ಪಿಸ್ತೂಲನ್ನು ಆರಿಸಿದವರು ಸ್ವತಃ ಸಾವಕಾರರು.

“ಹಂಗಾರ ಇವತ್ತ ಸಂಜೀಕ ಖಣಿಗೆ ಬರ್ರಿ,” ಎಂದರು ಸಾವಕಾರರು. “ಐದ ಐದ ಗುಂಡು. ಖಣಿ ನಂದು, ಅದು ನಿಮಗೂ ಗೊತ್ತೈತಿ. ನೀವು ಗೆದ್ರ ಬೇಕಾದಾಗ ಬರ್ರಿ, ಹೋಗ್ರಿ. ಸೋತ್ರ ಅಲ್ಲಿ ಕಾಲಿಡಬ್ಯಾಡ್ರಿ, ಮತ್ತ ಪ್ಯಾಟ್ಯಾಗ ಆ ರಿವಾಲ್ವರ್ ಸುದ್ದಿ ತಗೀಬ್ಯಾಡ್ರಿ.”

“ಸಂಜೀಕ ಯಾಕ್ರಿ, ಈಗ ಬರತೇನಿ,” ಎಂದ ದುರ್ಗಪ್ಪ. ಆತನಿಗೆ ಎಳ್ಳಷ್ಟೂ ಅಳುಕಿರಲಿಲ್ಲ. ಒಳಗಿನಿಂದ ಹೆಂಡತಿ ಶೆಟ್ಟೆವ್ವ ಮಾತ್ರ, ಎರಡನೆಯ ಕರಾರು ತನಗೆ ಬಹಳ ಸೇರಿತೆಂದೂ, ಅದೊಂದನ್ನು ಗೆದ್ದರೂ ಸೋತರೂ ಇಟ್ಟುಕೊಳ್ಳಬಹುದೆಂದೂ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ಓಣಿಯೆಲ್ಲ ಬಂದೂಕಿನ ಪಂಡಿತರೇ ಆಗಿದ್ದರು. ಒಬ್ಬರು ಉಸಿರು ಬಿಗಿಹಿಡಿಯಲು ಹೇಳಿದರೆ ಇನ್ನೊಬ್ಬರು ಬಿಡಲು ಹೇಳಿದರು. ತನ್ನಿಂದಲೇ ಇಷ್ಟೆಲ್ಲ ಆಯಿತೆಂದು ಪೇಚಾಡಿಕೊಂಡ ಉಳವಪ್ಪ ಸಹಾಯಕ್ಕೇ ನಿಂತುಬಿಟ್ಟ. ದುರ್ಗಪ್ಪ ಒಂದು ಗಳಿಗೆ ಅಡ್ಡಾದಾಗ, ಕಟ್ಟೆಯ ಮೇಲೆ ಖಾಲಿ ಮಾಡಿ ಇಟ್ಟಿದ್ದ ರಿವಾಲ್ವರಿಗೆ ಧಾರಾಳವಾಗಿ ಶೇಂಗಾ ಎಣ್ಣೆ ಹೊಡೆದ. ದುರ್ಗಪ್ಪ ಎದ್ದು ಎತ್ತಿಕೊಂಡರೆ ಅದು ಮೀನಿನಂತೆ ಜಾರಿತು, ಒಗ್ಗರಣೆಯಂತೆ ನಾರಿತು. ಕೈಗೆ ಸಿಕ್ಕ ಬಟ್ಟೆಯಿಂದ ಉಜ್ಜಿ ಉಜ್ಜಿ ಒರೆಸಿದ. ಅದು ಶೆಟ್ಟೆವ್ವ ಮದುವೆ ಮನೆಗೆ ಉಡಲೆಂದು ತೆಗೆದಿಟ್ಟ ಸೀರೆ ಎಂಬುದು ಪೂರ್ತಿ ಒರೆಸಿದ ಮೇಲೆ ತಿಳಿಯಿತು. ಮನೆಯಿಂದ ಹೊರಡುವುದು ನೆನೆಸಿದ್ದಕ್ಕಿಂತ ಬೇಗನೇ ಆಯಿತು.

ಸಂಜೆ ಖಣಿಯ ಬಾಯಲ್ಲಿ ಅರ್ಧ ಊರೇ ನೆರೆದಿತ್ತು. ಸಾವಕಾರರ ಬೀಗರು, ಅಳಿಯ ಕೂಡ ರಾಮದುರ್ಗದಿಂದ ಬಂದಿದ್ದರು. ಶಿಸ್ತಿನ ಸುಭೇದಾರ ಎಲ್ಲರನ್ನೂ ದೂರ ಹಿಂದಕ್ಕೆ ಸರಿಸಿ ನಿಲ್ಲಿಸಿದ. ಪಂಚರಾಗಿ ಬಂದವರು ಸಾಲೆಯ ಹೆಡ್ ಮಾಸ್ತರ ಮಡಿವಾಳೆಪ್ಪನವರು. ಅವರು ಎರಡು ಹಾಳೆಗಳ ಹಿಂದೆ ಇಬ್ಬರ ಹೆಸರು ಬರೆದು ಬಂಡೆಗೆ ಅಂಟಿಸಲು ಹೋದರು. ಸಾವಕಾರರದು ಎಡಕ್ಕೆ, ದುರ್ಗಪ್ಪನದು ಬಲಕ್ಕೆ.

ಅಷ್ಟರಲ್ಲಿ ಉಳವಪ್ಪ ಓಡಿಬಂದ. ಇಳಿಯುವ ಸೂರ್ಯ ಸುಭೇದಾರರ ಕಣ್ಣಿಗೇ ಬಡಿಯುತ್ತಾನೆ, ಎಡಗಡೆ ನೆರಳಿದೆ, ಸಾವಕಾರರಿಗಾದರೆ ಕರಿ ಕನ್ನಡಕವಿದೆ, ಇಬ್ಬರೂ ಜಾಗ ಬದಲಿಸಿದರೆ ಏನು ಗಂಟು ಹೋಗುತ್ತದೆ ಎಂದು ವಾದಿಸಿದ. ಸಾವಕಾರರು ದೊಡ್ಡ ಮನಸ್ಸು ಮಾಡಿ ಬಲಕ್ಕೆ ಸರಿದರು. ದುರ್ಗಪ್ಪ ಎಡಕ್ಕೆ ಬಂದು ನಿಂತ. ಬಂಡೆಯ ಹತ್ತಿರವಿದ್ದ ಮಾಸ್ತರರಿಗೆ ಇದು ತಿಳಿಯಲೇ ಇಲ್ಲ. ಅವರು ಮರಳಿ ಬಂದು, ಎರಡೂ ಕಿವಿ ಮುಚ್ಚಿಕೊಳ್ಳಬೇಕಾದ್ದರಿಂದ ಪೀಪಿಯನ್ನು ಹಲ್ಲಿನಲ್ಲೇ ಕಚ್ಚಿ, ಕಣ್ಣನ್ನೂ ಮುಚ್ಚಿ ಊದಿದರು.

ಸಾವಕಾರರ ಮೊದಲ ಗುಂಡು ಎಲ್ಲೋ ಮೇಲೆ ಬಂಡೆಗೆ ಬಡಿದು ಕಲ್ಲು ಉದುರಿಸಿತು. ಎರಡನೆಯದು ಹೊರಡಲೇ ಇಲ್ಲ. ಪಿಸ್ತೂಲು ಅರ್ಧ ಬಾಯಿ ತೆರೆದು ನಿಂತುಬಿಟ್ಟಿತು. ಅವರು ಅದನ್ನು ಎಳೆದರು, ಜಗ್ಗಿದರು, ಮೆಲ್ಲಗೆ ಬೈದರು. ಪಕ್ಕದಲ್ಲಿ ದುರ್ಗಪ್ಪನಿಗೆ ಅದೆಲ್ಲ ಸಂಗೀತದಂತೆ ಕೇಳಿಸುತ್ತಿತ್ತು. ಆತ ನಿಧಾನವಾಗಿ ಕುದುರೆ ಎಳೆದ, ಉಸಿರು ಬಿಟ್ಟ, ಹೊಡೆದ. ಮತ್ತೆ ಎಳೆದ, ಮತ್ತೆ ಹೊಡೆದ. ಚಕ್ರದ ಆರೂ ಮನೆಗೆ ತೋಟೆ ತುಂಬಿದ್ದ. ಮೂರನೆಯದು ಹಳೆಯದು, ‘ಟಿಕ್’ ಎಂದು ಸುಮ್ಮನಾಯಿತು. ದುರ್ಗಪ್ಪ ರೆಪ್ಪೆ ಅಲುಗಿಸಲಿಲ್ಲ. ಇನ್ನೊಮ್ಮೆ ಕುದುರೆ ಎಳೆದ, ಚಕ್ರ ತಿರುಗಿ ಮುಂದಿನ ತೋಟೆ ತಾನೇ ಎದುರಿಗೆ ಬಂತು. ಐದು ಗುಂಡು ಮುಗಿದಾಗ ಅವೆಲ್ಲ ಕರಿ ಚುಕ್ಕೆಯಲ್ಲೇ ಇವೆ ಎಂದು ಆತನಿಗೆ ನೋಡದೆಯೇ ಗೊತ್ತಿತ್ತು. ಖಣಿಯ ಗೋಡೆಗಳ ನಡುವೆ ಸಪ್ಪಳ ಸುತ್ತಿ ಸುತ್ತಿ ಬಂದು, ಯಾರು ಎಷ್ಟು ಹೊಡೆದರೆಂಬುದು ಹಿಂದೆ ನಿಂತ ಯಾರಿಗೂ ತಿಳಿಯಲಿಲ್ಲ.

ಮಾಸ್ತರರು ಹಾಳೆ ಕಿತ್ತು ತಂದು, ಹಿಂದೆ ತಿರುವಿ ಹೆಸರು ಓದಿದರು. “ಬಾಳು ಸಾವಕಾರ್ರು. ಐದೂ ಗುಂಡು ಚುಕ್ಕಿ ಒಳಗ. ಸುಭೇದಾರ ದುರ್ಗಪ್ಪನವರು.” ಅವರು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಹಾಳಿ ಸ್ವಚ್ಛ ಐತಿ.”

ದುರ್ಗಪ್ಪನ ತಲೆಗೆ ಆಗ ಹೊಳೆಯಿತು. ಬದಲಾದದ್ದು ನಿಂತ ಜಾಗ, ಹಾಳೆಗಳು ಎಲ್ಲಿದ್ದವೋ ಅಲ್ಲೇ ಇದ್ದವು. ತನ್ನ ನೆಟ್ಟಗೆ ಎದುರಿಗಿದ್ದದ್ದು ಸಾವಕಾರರ ಹಾಳೆ. ಆ ಐದೂ ತೂತು ತನ್ನವು ಎಂದು ಆತ ವಾದಿಸಿದ. ಜಾಗ ಬದಲಿಸಿದ್ದು ತಾನೇ ಎಂದು ಉಳವಪ್ಪ ಆಣೆ ಮಾಡಿ ಹೇಳಿದ. ಆದರೆ ಊರಲ್ಲಿ ಉಳವಪ್ಪನ ಮಾತು ಕೇಳುವವರು ಇದ್ದರೇ ಹೊರತು ನಂಬುವವರು ಇರಲಿಲ್ಲ. ಎಲ್ಲರೂ ಸಾವಕಾರರ ಮುಖ ನೋಡಿದರು. ಸಾವಕಾರರು ಬೀಗರ ಮುಖ ನೋಡಿದರು. ಜೀವಮಾನದಲ್ಲಿ ಮೊದಲ ಸಲ ಅಳಿಯ ಮಾವನನ್ನು ಗೌರವದಿಂದ ನೋಡುತ್ತಿದ್ದ.

“ಆಟೋಮ್ಯಾಟಿಕ್ ಅಲ್ಲೇನ್ರಿ,” ಎಂದರು ಸಾವಕಾರರು ಗಂಭೀರವಾಗಿ. “ಎಷ್ಟ ಹೋದವು ಅನ್ನೂದು ಹೊಡದವಗೂ ತಿಳಿಯೂದಿಲ್ಲ.”

ದುರ್ಗಪ್ಪ ನಡೆದೇ ಮನೆಗೆ ಬಂದ. ಕಟ್ಟೆಯ ಮೇಲೆ ರಿವಾಲ್ವರಿನ ನಡು ಬಗ್ಗಿಸಿ ಬಿಚ್ಚಿಟ್ಟು, ಕೊಳವೆಯ ಮಸಿ ತೆಗೆಯುತ್ತ ಕುಳಿತ. ಇನ್ನು ರವಿವಾರಗಳನ್ನು ಹೇಗೆ ಕಳೆಯುವುದು ಎಂಬುದೊಂದೇ ಯೋಚನೆ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಜೀಪು ಬಂತು. ಸಾವಕಾರರು ಒಬ್ಬರೇ ಇಳಿದು ಬಂದು, ಆಚೀಚೆ ನೋಡಿ ಕಟ್ಟೆಯ ತುದಿಗೆ ಕುಳಿತರು.

“ಸುಭೇದಾರ್ರ, ಆ ಐದೂ ನಿಮ್ಮವ. ನನಗೂ ಗೊತ್ತೈತಿ,” ಎಂದರು. “ಆದ್ರ ಬೀಗರ ಮುಂದ ಬಾಯಿ ಬರಲಿಲ್ಲ.”

ದುರ್ಗಪ್ಪನ ಮೀಸೆ ತಾನಾಗಿ ಮೇಲೆದ್ದಿತು. ನಾಳೆ ಚಹಾದಂಗಡಿಯಲ್ಲಿ ನಾಲ್ಕು ಮಂದಿಯ ಮುಂದೆ ಸಾವಕಾರರು ಇದನ್ನೇ ಹೇಳುವ ಚಿತ್ರ ಕಣ್ಣಿಗೆ ಕಟ್ಟಿತು.

ಆದರೆ ಸಾವಕಾರರು ಬಂದದ್ದು ಬೇರೆಯದಕ್ಕೆ. ಮಡಿವಾಳೆಪ್ಪ ಮಾಸ್ತರರು ಅಭಿಮಾನ ಉಕ್ಕಿ, ಜಿನ್ನಿನ ಫೋನಿನಿಂದಲೇ ಬೆಳಗಾವಿಯ ಗುರಿಕಾರರ ಸಂಘಕ್ಕೆ ಸುದ್ದಿ ಮುಟ್ಟಿಸಿದ್ದರು. ಬರುವ ತಿಂಗಳು ಅಲ್ಲಿ ಜಿಲ್ಲೆಯ ಸ್ಪರ್ಧೆ. ತಾಲೂಕಿನ ಪರವಾಗಿ ಬಾಳು ಸಾವಕಾರರ ಹೆಸರು ಬರೆದೂ ಆಗಿತ್ತು. ಬೀಗರು ನೋಡಲು ಬರುವವರೇ ಇದ್ದರು.

“ನಿಮ್ಮ ಹೆಸರೂ ಬರಸೇನ್ರಿ,” ಎಂದರು ಸಾವಕಾರರು. “ನನ್ನ ಬಾಜೂಕ ನಿಮ್ಮ ಜಾಗಾ. ಖಣಿ ನಾಳಿಂದ ನಿಮ್ಮದ, ದಿನಾ ಹೋಗಿ ಹೊಡೀರಿ.”

“ಬೆಳಗಾವಿ ಮಂದಿಗೆ ರಿವಾಲ್ವರ್ ಅಂದ್ರ ಏನಂತ ತೋರಸ್ತೇನಿ ಬಿಡ್ರಿ,” ಎಂದ ದುರ್ಗಪ್ಪ, ಎದ್ದು ನಿಂತು.

“ತೋರಸ್ರಿ. ಆದ್ರ ಇವತ್ತ ಹೊಡದಂಗ ಹೊಡೀಬೇಕು.”

“ಇವತ್ತ ಹೊಡದಂಗ ಅಂದ್ರ?”

“ನನ್ನ ಹಾಳಿಗೆ,” ಎಂದರು ಸಾವಕಾರರು.

ದುರ್ಗಪ್ಪ ಸಾವಕಾರರನ್ನು ನೋಡಿದ, ಕೈಯಲ್ಲಿದ್ದ ರಿವಾಲ್ವರನ್ನು ನೋಡಿದ, ಮುರಗೋಡ ದಾರಿಯ ದಿಕ್ಕಿಗೆ ಒಮ್ಮೆ ನೋಡಿದ. ಆಮೇಲೆ ಮತ್ತೆ ಕುಳಿತು, ಒರೆಸಿದ ಚಕ್ರವನ್ನೇ ಇನ್ನೊಮ್ಮೆ ಒರೆಸುತ್ತ ಕೇಳಿದ:

“ಅಲ್ಲೆ ನಿಮ್ಮ ಹಾಳಿ ನನ್ನ ಎಡಕ್ಕ ಇರತೈತ್ಯೋ, ಬಲಕ್ಕೋ?”