ನಮ್ಮಣ್ಣನ ಗಿಟುಕು ಸಂಗೀತ

ನಮ್ಮಣ್ಣ ಸಂಗೀತಗಾರ. ಹಾಗಂತ ಅವನ ಕೈಲಿ ಒಂದು ಹಾಡು ಹೇಳಿಸಿ ಅಂತ ಮಾತ್ರ ಕೇಳಬೇಡಿ! ಅವನಿಗೆ ಹಾಡೋಕೆ ಬರಲ್ಲ. ಹಾರ್ಮೋನಿಯಂ ಬರಲ್ಲ, ತಬಲ ಬರಲ್ಲ, ಭಜನೆಯಲ್ಲಿ ಕೈಗೆ ತಾಳ ಕೊಟ್ಟರೆ ಪಕ್ಕದವರ ತಾಳವನ್ನೂ ಕೆಡಿಸಿ ಕೂರುತ್ತಾನೆ. ಆದರೂ ಸಂಗೀತಗಾರನೇ. ಅದು ಹೇಗೆ ಅಂತೀರಾ? ಒಡಹುಟ್ಟಿದವಳು ನಾನು, ನನಗೇ ಇನ್ನೂ ತಿಳಿದಿಲ್ಲ.

ಇದು ಶುರುವಾದದ್ದು ರೇಡಿಯೋದಿಂದ. ಶೆಟ್ಟಿಕೆರೆ ಕಡೆ ನಮ್ಮ ತೋಟದ ಮನೆಯಲ್ಲಿ ಬೆಳಗಿನ ವಾರ್ತೆ ಕೇಳದೆ ಅಪ್ಪ ಕಾಫಿ ಲೋಟ ಮುಟ್ಟುತ್ತಿರಲಿಲ್ಲ. ರೇಡಿಯೋ ತಿರುಗಿಸುವ ಕೆಲಸ ಅಣ್ಣನದು. ಅವನೋ, ಸ್ಟೇಷನ್ ಬಂತು ಅನ್ನುವಷ್ಟರಲ್ಲಿ ಮುಂದಕ್ಕೆ ತಿರುಗಿಸಿಬಿಡುತ್ತಿದ್ದ.

"ಸ್ಟೇಷನ್ ಹಿಡಿಯೋ ಅಂದ್ರೆ ಬುಟ್ಟು ಬುಟ್ಟು ಮುಂದಕ್ಕೋಗ್ತೀಯಲ್ಲೋ!" ಅಂತ ಅಪ್ಪ.

"ಎಲ್ಡು ಸ್ಟೇಷನ್ ಮಧ್ಯೆ ಇರೋದೇ ಕಣಪ್ಪ ಚೆನ್ನಾಗಿರೋದು."

"ಮಧ್ಯೆ ಏನೈತೋ?"

"ಕುಂಯ್ ಅಂತೈತೆ."

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ನನ್ನ ಮುಖ ನೋಡಿದಳು. ನನಗೆ ನೋಡೋಕೆ ಯಾರೂ ಉಳಿದಿರಲಿಲ್ಲ, ಬೆಕ್ಕನ್ನು ನೋಡಿದೆ.

ಆಮೇಲೆ ಅವನ ಕಿವಿ ಪಂಪ್‌ಸೆಟ್ಟಿನ ಕಡೆ ತಿರುಗಿತು. ತ್ರೀ ಫೇಸ್ ಕರೆಂಟು ಬಂತು ಅಂದರೆ ಊರವರೆಲ್ಲ ತೆಂಗಿನ ಪಾತಿಗೆ ನೀರು ಬಿಡೋಕೆ ಓಡುತ್ತಿದ್ದರು. ಇವನು ಮೋಟಾರಿನ 'ಗುಂಯ್' ಕೇಳೋಕೆ ಓಡುತ್ತಿದ್ದ! ಒಂದು ದಿನ ವೋಲ್ಟೇಜ್ ಇಳಿದು ಆ ಗುಂಯ್ ನಿಧಾನವಾಗಿ ಕೆಳಗೆ, ಇನ್ನೂ ಕೆಳಗೆ ಜಾರಿತಂತೆ. ಇವನು ಕಣ್ಣು ಮುಚ್ಚಿ, "ಆಹಾ, ಎಷ್ಟು ಚೆನ್ನಾಗಿ ಇಳೀತಾ ಐತೆ!" ಅಂತ ತಲೆದೂಗುತ್ತಾ ಕೂತಿದ್ದನಂತೆ. ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಕಣ್ಣು ಬಿಟ್ಟದ್ದು. ಸುಟ್ಟ ಮೋಟಾರಿಗೆ ಹೊಸದಾಗಿ ವೈಂಡಿಂಗ್ ಮಾಡಿಸಿಕೊಂಡು ಬರುವವರೆಗೂ ತೋಟ ಒಣಗಿತು.

ಮದುವೆ ಮಾಡಿದರೆ ಸರಿಹೋಗ್ತಾನೆ ಅಂದರು ಹಿರಿಯರು. ದಂಡಿನಶಿವರದಿಂದ ಅತ್ತಿಗೆ ಬಂದಳು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅವಳ ಅಣ್ಣ ಮದುವೆಗೆ ಏನು ಉಡುಗೊರೆ ಕೊಟ್ಟರು ಹೇಳಿ? ಎರಡು ಚಕ್ರ ತಿರುಗುವ ಟೇಪ್‌ರೆಕಾರ್ಡರ್! ಕರೆಂಟಿಲ್ಲದಿದ್ದರೆ ಬ್ಯಾಟರಿಯಲ್ಲೂ ಓಡುವಂಥದ್ದು. ಅಲ್ಲ, ಯಾರಾದರೂ ಹುಚ್ಚನ ಕೈಗೆ ಹಗ್ಗ ಕೊಟ್ಟು ತಾವೇ ಕೈ ಕಟ್ಟಿಸಿಕೊಳ್ತಾರಾ? ಪಾಪ, ದೇವರನಾಮ ಕೇಳಿಕೊಂಡಿರಲಿ ಅಂತ ಅವರು ಕೊಟ್ಟದ್ದು. ಅಣ್ಣ ಮಾತ್ರ ಮೊದಲ ವಾರದಲ್ಲೇ ಬೆಕ್ಕಿನ ಗುರುಗುರು ಟೇಪಿಗೆ ಹಿಡಿದುಕೊಂಡ, ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವುದನ್ನು ಹಿಡಿದುಕೊಂಡ. ಹಳೇ ರೇಡಿಯೋಗಳ ಹೊಟ್ಟೆ ಬಗೆದು, ಬಿಸ್ಕತ್ತಿನ ಡಬ್ಬಿಯೊಳಗೆ ಏನೇನೋ ಬೆಸುಗೆ ಹಾಕಿ, ಗುಂಡಿ ತಿರುಗಿಸಿದರೆ ಕುಂಯ್ ಅನ್ನುವ ಒಂದು ವಾದ್ಯವನ್ನೂ ಮಾಡಿಕೊಂಡ. ಆ ಡಬ್ಬಿಯ ಕುಂಯ್, ಮೋಟಾರಿನ ಗುಂಯ್, ಬೆಕ್ಕಿನ ಗುರ್ ಎಲ್ಲ ಸೇರಿಸಿ ಒಂದರ ಮೇಲೊಂದು ಹತ್ತಿಸುತ್ತಿದ್ದ. ಇದಕ್ಕೆ ರಾಗ ಯಾವುದು ಅಂತ ಕೇಳಿದರೆ, "ರಾಗ ಇಲ್ಲ ಕಣೇ, ಕರೆಂಟು" ಅಂದ. ನನಗಂತೂ ತಲೆಬುಡ ತಿಳಿಯಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಬಚಾವಾಗಿರುತ್ತಿದ್ದೆವು. ಒಂದೇ ಸದ್ದು ಮತ್ತೆ ಮತ್ತೆ ಬರಲಿ ಅಂತ ಟೇಪು ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಅದನ್ನು ನಡುಮನೆಯ ಕಂಬಕ್ಕೆ ಸುತ್ತುಹಾಕಿ ಓಡಿಸತೊಡಗಿದ. ಎದೆಯೆತ್ತರಕ್ಕೆ ಕಂದು ಪಟ್ಟಿ ಸುರ್ರಂತ ಹರಿಯುತ್ತಲೇ ಇರುತ್ತಿತ್ತು. ಅಡುಗೆಮನೆಯಿಂದ ಹೊರಗೆ ಬರಬೇಕಾದರೆ ಅತ್ತಿಗೆ ಸಾರಿನ ಪಾತ್ರೆ ಹಿಡಿದುಕೊಂಡು ಬಗ್ಗಿ ಬರಬೇಕಿತ್ತು. ನನ್ನನ್ನು ನೋಡೋಕೆ ಬಂದ ಗಂಡಿನ ತಂದೆ ಬಗ್ಗಿದ್ದು ಸಾಲದೆ ಅವರ ಪೇಟ ಆ ಪಟ್ಟಿಗೆ ಸಿಕ್ಕಿಕೊಂಡಿತು. ಮನೆಯೆಲ್ಲ 'ಯೊಂಯ್ಯ್ಯ್' ಅಂತು! ಅವರು ಬಿಚ್ಚಿದ ಪೇಟ ಕೈಲಿ ಹಿಡಿದುಕೊಂಡು ಬೆವರುತ್ತಾ ನಿಂತಿದ್ದರೆ ಅಣ್ಣ ಓಡಿಬಂದು ಕೈಮುಗಿದು, "ಯಜಮಾನ್ರೇ, ಹಂಗೇ ಇನ್ನೊಂದ್ಸಲ ಸಿಗಾಕಿಸ್ಕೊಳ್ತೀರಾ?" ಅಂದ. ಆ ಸಂಬಂಧ ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ಅತ್ತಿಗೆ ಹಲ್ಲು ಕಚ್ಚಿ ಸಹಿಸಿಕೊಂಡಳು. ಸಹಿಸಲಾಗದೆ ಹೋದದ್ದು ಗಿಟುಕಿನ ವಿಷಯ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಒಣಗಲು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾದರೆ ಅದೇ ಗಿಟುಕು. ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆ ಸದ್ದು ಕೇಳಿದ ಮೇಲೆಯೇ ಸುಲಿಯುವುದು, ಒಡೆಯುವುದು. ಅಣ್ಣ ಹಿಂದಿನ ವರ್ಷದ ಎರಡು ಗಿಟುಕು ಅಲ್ಲಾಡಿಸಿ ಸದ್ದು ಹಿಡಿದು, ಅದರ ಮೇಲೇ ಮತ್ತೆ ಮತ್ತೆ ಹತ್ತಿಸಿ, ಅಟ್ಟದ ಮೇಲೆ ಸ್ಪೀಕರ್ ಇಟ್ಟು ಹಾಕಿದ. ಇಡೀ ಅಟ್ಟವೇ ಗಿಟುಕಾಗಿ ಕುಣಿಯುತ್ತಿದೆಯೇನೋ ಅನ್ನುವಂತೆ ಕೇಳಿಸಿತು.

ಆ ಹೊತ್ತಿಗೆ ಸರಿಯಾಗಿ ತಂಗಿಗೆ ಬಾಗಿನ ಕೊಡೋಕೆ ಬಂದ ಅತ್ತಿಗೆಯ ಅಣ್ಣ ಕೆಳಗೆ ಕಾಫಿ ಕುಡಿಯುತ್ತಾ ಕೂತಿದ್ದರು. ಅವರ ಕಿವಿ ನಿಮಿರಿತು.

"ಏನ್ ಭಾವ, ಕಾಯಿ ಆಗ್ಲೇ ಗಿಟುಕಾಗೋಯ್ತಾ? ನಂಗೊಂದು ಮಾತು ಹೇಳ್ದೆ ಬೇರೆಯೋರಿಗೆ ಮಾರೋಕೆ ಇಳಿಸ್ತಾ ಇದೀರಾ?"

ಆ ಸದ್ದಿಗೆ ತಲೆದೂಗುತ್ತಾ ಕೂತಿದ್ದ ಅಣ್ಣ ಕಣ್ಣು ಮುಚ್ಚಿಕೊಂಡೇ "ಹ್ಞೂಂ" ಅಂದ.

"ನಾಳೆ ನಾನೇ ಲಾರಿ ತತ್ತೀನಿ."

"ಹ್ಞೂಂ."

ಮಾರನೇ ದಿನ ಲಾರಿ ಬಂತು. ಸುಲಿಯುವವರು ಬಂದರು. ಸುಲಿದ ಮೊದಲ ಕಾಯಿಗೆ ಎಲ್ಲರ ಮುಂದೆ ಅತ್ತಿಗೆಯ ಅಣ್ಣ ತಾವೇ ಮಚ್ಚಿನೇಟು ಹಾಕಿದರು. ಚಳ್ ಅಂತ ನೀರು ಅವರ ಮುಖಕ್ಕೇ ಹಾರಿತು! ಇಸ್ತ್ರಿ ಮಾಡಿದ ಬಿಳೀ ಶರಟೂ ಒದ್ದೆ. ಸುಲಿಯುವವರು ಬಾಯಿಗೆ ಟವೆಲ್ ಅಡ್ಡ ಇಟ್ಟುಕೊಂಡು ಆಚೆ ತಿರುಗಿಕೊಂಡರು.

"ಟೇಪು ಹಾಕಿ ಮೋಸ ಮಾಡಿದ್ರಲ್ಲಾ ಭಾವ!"

"ಮೋಸ ಏನ್ ಬಂತು?" ಅಣ್ಣನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಕಾಯಿ ಎಲ್ಲಾದ್ರೂ ಏಳೇಳು ಎಣಿಕೇಲಿ ಅಲ್ಲಾಡ್ತವಾ? ನಾನು ಏಳೇಳು ಹಾಕಿದ್ದೆ. ನೀವು ಸರ್ಯಾಗಿ ಕೇಳ್ಲಿಲ್ಲ ಭಾವ."

ಅತ್ತಿಗೆ ಒಳಗೆ ಹೋದಳು. ಬ್ಯಾಗು ಹಿಡಿದು ಹೊರಗೆ ಬಂದಳು. ಕೊಬ್ಬರಿ ತುಂಬಿಕೊಂಡು ಹೋಗಬೇಕಾದ ಲಾರಿ ಅತ್ತಿಗೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಯಿತು. "ಆ ಪೆಟ್ಟಿಗೆ ಇರೋ ಮನೇಗೆ ನಾನು ಬರಲ್ಲ ಕಣೇ" ಅಂತ ನನಗೆ ಹೇಳಿಹೋದಳು.

ಬೇಸಿಗೆ ಬಂತು, ಅತ್ತಿಗೆ ಬರಲಿಲ್ಲ. ಮನೆಯ ತುಂಬ ಓಡಾಡೋಕೆ ಜಾಗವಾಯಿತು, ಓಡಾಡೋರು ಇಲ್ಲ. ಅಣ್ಣ ಕಂಬದ ಸುತ್ತಿನ ಟೇಪು ಬಿಚ್ಚಿಟ್ಟ, ಡಬ್ಬಿ ಮುಟ್ಟಲಿಲ್ಲ. ಒಂದು ಬೆಳಗ್ಗೆ ಟೇಪ್‌ರೆಕಾರ್ಡರನ್ನು ಪಂಚೆಯಲ್ಲಿ ಗಂಟು ಕಟ್ಟಿ, "ನಡಿಯೇ, ಇದನ್ನ ಭಾವನಿಗೆ ವಾಪಸ್ ಕೊಟ್ಟು ಅವಳನ್ನ ಕರ್ಕೊಂಡು ಬರಾಣ" ಅಂದ. ಬಸ್ಸು ಅಷ್ಟು ಚೆನ್ನಾಗಿ ಗಡಗುಟ್ಟುತ್ತಿದ್ದರೂ ಅವನ ಕಿವಿ ಅತ್ತ ಹೋಗಲಿಲ್ಲ. ನನಗೆ ಭಯವೇ ಆಯಿತು.

ದಂಡಿನಶಿವರದಲ್ಲಿ ಅತ್ತಿಗೆಯ ತವರುಮನೆಯ ಜಗಲಿಯ ಮೇಲೆ ಅವಳ ಅಣ್ಣ ಕೂತಿದ್ದರು. ಅಣ್ಣ ಗಂಟು ಬಿಚ್ಚಿ ಅವರ ಮುಂದಿಟ್ಟ. ಬಾಗಿಲಲ್ಲಿ ಬಂದು ನಿಂತ ಅತ್ತಿಗೆ ಪೆಟ್ಟಿಗೆ ನೋಡಿದಳು, ಗಂಡನನ್ನು ನೋಡಿದಳು.

"ಕೊಬ್ಬರಿ ವಿಷ್ಯ ಬುಡಿ. ನಾನೊಂದು ಕೇಳ್ತೀನಿ, ಹೇಳಿ. ಮೋಟಾರ್ ಹಿಡುದ್ರಿ, ಎಮ್ಮೆ ಹಿಡುದ್ರಿ, ಗಿಟುಕು ಹಿಡುದ್ರಿ. ಇಷ್ಟು ವರ್ಷದಾಗೆ ನನ್ನದೊಂದು ಮಾತು ಹಿಡುದ್ರಾ? ನನ್ನ ದನಿ ಆ ಬೆಕ್ಕಿಗಿಂತ ಕಡೆಯೇನ್ರೀ?"

ಓಹೋ! ಇವಳ ಸಂಕಟ ಇದಾ? ನಾನು ಬೆಪ್ಪಾಗಿ ನಿಂತೆ. ನನಗಿಂತ ಬೆಪ್ಪಾಗಿ ನಿಂತದ್ದು ಅಣ್ಣ.

"ನಿನ್ನ ದನಿ ಹೆಂಗೇ ಹಿಡಿಯೋದು?" ಅಂದ. "ಟೇಪ್ ಮಾಡುವಾಗ ನನ್ನ ಗ್ಯಾನ ಎಲ್ಲಾ ಮಿಷನ್ ಮೇಲಿರ್ತದೆ. ಸದ್ದು ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ ಅಂತ. ಏನ್ ಸದ್ದು ಬಂತು ಅಂತ ನಂಗೆ ಗೊತ್ತಾಗೋದು ಆಮೇಲೆ ಹಾಕಿ ಕೇಳಿದಾಗ್ಲೇ." ತಲೆ ಕೆರೆದುಕೊಂಡ. "ನೀನು ಮಾತಾಡಿದ ತಕ್ಷಣ ಮಿಷನ್ ನಿಲ್ಲಿಸಿಬುಡ್ತೀನಿ ಕಣೇ. ಇಲ್ದಿದ್ರೆ ನಿನ್ನ ಮಾತು ಕೇಳೋದೆಂಗೆ?"

ಅತ್ತಿಗೆ ಒಳಗಡೆ ಮುಖ ತಿರುಗಿಸಿಕೊಂಡು, "ಕಾಫಿ ಕುಡಿದು ಬಂದ್ರಾ, ಹಂಗೇ ಬಂದ್ರಾ?" ಅಂದಳು. ಹಂಗೇ ಬಂದಿದ್ದೆವು.

ಸಂಜೆ ಬಸ್ ಹತ್ತಿ ಕೂತಾಗ ಅತ್ತಿಗೆಯ ಅಣ್ಣನವರೇ ಓಡಿಬಂದು ಟೇಪ್‌ರೆಕಾರ್ಡರನ್ನು ಕಿಟಕಿಯಿಂದ ಅಣ್ಣನ ತೊಡೆಯ ಮೇಲಿಟ್ಟು ಹೋದರು. ಬಸ್ಸು ಹೊರಟದ್ದೇ ತಡ, ಅತ್ತಿಗೆ ಶುರುಮಾಡಿದಳು. ಒಣಗಿದ ತೋಟದ ಬಗ್ಗೆ, ಪೇಟದ ಬಗ್ಗೆ, ಬಗ್ಗಿ ಬಗ್ಗಿ ನೋವು ಬಂದ ಸೊಂಟದ ಬಗ್ಗೆ, ಇಷ್ಟು ದಿನ ಏನು ತಿಂದ್ರಿ, ಯಾಕಿಷ್ಟು ಸೊರಗಿದೀರಿ ಅನ್ನುವುದರ ಬಗ್ಗೆ. ಬೈದಳು, ಅತ್ತಳು, ಮತ್ತೆ ಬೈದಳು. ನಾನು ಹಿಂದಿನ ಸೀಟಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದೆ. ಪೆಟ್ಟಿಗೆಯಲ್ಲಿ ಟೇಪಿತ್ತು, ಬ್ಯಾಟರಿಯೂ ಇತ್ತು. ಬಸ್ಸು ಬದಲಿಸುವ ತಿಪಟೂರು ಬರುವವರೆಗೂ ಅಣ್ಣ ಗುಂಡಿ ಮುಟ್ಟಲಿಲ್ಲ. ಅವಳ ಕಡೆಗೇ ತಿರುಗಿ ಕೂತು ಕೇಳುತ್ತಿದ್ದ.