ಮೊಲದ ಗುಂಡಿಗೊಂದು ನ್ಯಾಯ

ನೀಲಾಬಾಯಿ: ಎತ್ತಿಟ್ಟ! ನಿಮ್ಮ ಕೆಂಪು ಟೊಪ್ಪಿಗಿಯಾಂವ ಚೆಂಡು ಕೈಲೆ ಎತ್ತಿ ಬ್ಯಾರೆ ಕಡಿ ಇಟ್ಟ! ನೀವು ನೋಡಿದ್ರೋ, ಕಣ್ಣು ಮುಚ್ಚಿಕೊಂಡು ಕುಂತಿದ್ರೋ?

ಕಾಶೀನಾಥ: ಎತ್ತಬಹುದು. ಅಲ್ಲಿ ಮೊಲ ಗುಂಡಿ ತೋಡ್ಯದ. ಪಂಚ ಬಂದು ನೋಡಿ ಹೂಂ ಅಂದ. ಕಾಯ್ದೆದಾಗ ಅದ ಅದು.

ನೀಲಾಬಾಯಿ: ಮತ್ತ ಆಗಳೆ ನಮ್ಮಾಂವನ ಚೆಂಡು ಮರಳಗುಂಡ್ಯಾಗ ಬಿತ್ತಲ್ಲ, ಬಾವಿ ಇದ್ದಂಗ ಇತ್ತು. ಅದನ್ಯಾಕ ಎತ್ತಗೊಡಲಿಲ್ಲ?

ಕಾಶೀನಾಥ: ಅದು ಮನಷ್ಯಾರು ಬೇಕಂತ ತೋಡಿದ ಗುಂಡಿ. ಅದರಾಗ ಬಿದ್ರ ಬಿದ್ದಲ್ಲೇ ಆಡಬೇಕು.

ನೀಲಾಬಾಯಿ: ವಾ! ಮೊಲ ತೋಡಿದ್ರ ಮಾಫಿ. ಮನಷ್ಯಾ ಬೇಕಂತ ತೋಡಿದ್ರ ಬಿದ್ದಾಂವಗ ಶಿಕ್ಷಾ. ತೋಡಿದಾಂವ ಎಲ್ಲಿ ಹೋದ? ಅವನ್ನ ಕರೀರಿ ಮೊದಲ.

ಶಹಾಬಾದದ ಆ ಓಣಿಯಲ್ಲಿ ಸೋಮವಾರ ಮಧ್ಯಾಹ್ನ ಎಲ್ಲರ ಮನೆಯಲ್ಲೂ ನಿದ್ದೆಯ ಹೊತ್ತು. ಕಾಶೀನಾಥನ ಮನೆಯಲ್ಲಿ ಮಾತ್ರ ಟಿವಿ ಹಚ್ಚಿತ್ತು. ಅದರಲ್ಲಿ ಯಾವುದೋ ದೂರ ದೇಶದ ಸಮುದ್ರದ ದಂಡೆ, ಹಸಿರು ಮೈದಾನ, ಕೋಲು ಹಿಡಿದ ಗಂಡಸರು. ಗಾಲ್ಫಿನ ದೊಡ್ಡ ಚಾಂಪಿಯನ್‌ಶಿಪ್, ಕಡೆಯ ದಿನದ ಆಟ. ಕಡಿಮೆ ಏಟಿನಲ್ಲಿ ಚೆಂಡನ್ನು ಕುಣಿಗೆ ಹಾಕುತ್ತ ಹೋದವನು ಗೆದ್ದಂತೆ. ಕಾಶೀನಾಥ ಚಿಕ್ಕವನಿದ್ದಾಗ ಸಾಹೇಬರ ಕ್ಲಬ್ಬಿನಲ್ಲಿ ಚೆಂಡು ಹುಡುಕಿ ಕೊಡುತ್ತಿದ್ದ. ಆಮೇಲೆ ಜೀವಮಾನವೆಲ್ಲ ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡಿದ. ಆದರೂ ಗಾಲ್ಫಿನ ಮಾತು ಬಂದರೆ ತಾನೇ ಸಾಹೇಬ.

ಆದರೆ ಇವತ್ತು ಇಬ್ಬರೂ ಟಿವಿ ಮುಂದೆ ಕೂತದ್ದು ಆಟಕ್ಕಲ್ಲ, ಮೊಮ್ಮಗಳ ಹೆಸರಿಗೆ. ಮಗಳು ಭಾಗ್ಯಜ್ಯೋತಿ ಎರಡನೇ ಬಾಣಂತಿ. ಮೊದಲನೆಯದಾದರೆ ತವರಿಗೆ ಬರುತ್ತಿದ್ದಳು. ಎರಡನೆಯದಕ್ಕೆ ಚಿತ್ತಾಪುರದಲ್ಲಿ ಗಂಡನ ಮನೆಯಲ್ಲೇ ಹೆತ್ತಳು. ಗುರುವಾರ ತೊಟ್ಟಿಲಿಗೆ ಹಾಕುವುದಿತ್ತು. ಕಾಶೀನಾಥನಿಗೆ ತನ್ನ ತಾಯಿ ಗುಂಡಮ್ಮನ ಹೆಸರೇ ಆಗಬೇಕು. ನೀಲಾಬಾಯಿಗೆ ತನ್ನ ತಾಯಿ ಭೀಮಮ್ಮನದು. ಎಂಟು ದಿನ ಜಗಳಾಡಿ ಬೇಸತ್ತ ಮೇಲೆ ಕಾಶೀನಾಥನೇ ಒಂದು ದಾರಿ ತೆಗೆದ: ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಹಿಡಿಯುವುದು, ಗೆದ್ದವರು ಮಗಳಿಗೆ ಫೋನು ಮಾಡಿ ಹೆಸರು ಹೇಳುವುದು. ಆತ ಕೆಂಪು ಟೊಪ್ಪಿಗೆಯವನನ್ನು ಹಿಡಿದ. ಆಕೆ ನೀಲಿ ಅಂಗಿಯವನನ್ನು.

ಕಾಶೀನಾಥ: ನೀ ಅವನ್ನ ಯಾಕ ಹಿಡಿದಿ, ಅದನ್ನರ ಹೇಳು. ಅವನ ಹೊಡತ ನೋಡಿದೇನು?

ನೀಲಾಬಾಯಿ: ಹೊಡತ ಕಟಗೊಂಡು ಏನ್ ಮಾಡಲಿ? ಚೀಲ ಹೊರೋ ಹುಡುಗಗ ಮೊದಲ ನೀರು ಕೊಟ್ಟು ಆಮ್ಯಾಲೆ ತಾ ಕುಡದ. ಛಲೋ ಮನಿತನದ ಹುಡುಗ.

ಕಾಶೀನಾಥ: ವರ ನೋಡ್ಲಿಕ್ಕೆ ಬಂದಿಯೇನು ನೀ?

ನೀಲಾಬಾಯಿ: ನಮ್ಮಪ್ಪ ಹಂಗ ನೋಡಿದ್ರ ಛಲೋ ಇತ್ತು. ಈಗ ಯಾಕರಿ ಚೆಂಡು ಹೊಡೆದಲ್ಲಿ ನಿಲ್ಲವಲ್ಲದು? ನೋಡ್ರಿ, ಕುಣಿ ಬಲ್ಲಿ ಹೋಗಿ ಮತ್ತ ಉಳ್ಳಿಕೋತ ಕೆಳಗ ಬಂತು!

ಕಾಶೀನಾಥ: ಮುಂಜಾನಿಂದ ಬಿಸಲಿಗೆ ಒಣಗಿ, ಗಾಳಿ ಹೊಡದು ಹುಲ್ಲು ಗಟ್ಟಿ ಆಗ್ಯದ. ಪಾಲಿಶ್ ಫರಸಿ ಮ್ಯಾಲೆ ಗೋಲಿ ಬಿಟ್ಟಂಗ. ಹೊತ್ತು ಹೋದಂಗ ಇನ್ನೂ ಬಿರುಸು ಆಗ್ತದ.

ನೀಲಾಬಾಯಿ: ಮುಂಜಾನೆ ಆಡಿದೋರಿಗೆ?

ಕಾಶೀನಾಥ: ಅವರಿಗೆ ಹುಲ್ಲು ಮೆತ್ತಗ ಇತ್ತು. ಗಾಳಿನೂ ಎದ್ದಿದ್ದಿಲ್ಲ.

ನೀಲಾಬಾಯಿ: ಹಿಂದ ಬಿದ್ದೋರನ್ನ ಮುಂಜಾನೆ ಮೆತ್ತನ ಹುಲ್ಲಿನಾಗ ಬಿಟ್ಟು, ಮೂರು ದಿನ ಛಲೋ ಆಡಿದೋರನ್ನ ಕಡೀಗಿ ಬಿಡತಾರ?

ಕಾಶೀನಾಥ: ಅದು ಮರ್ಯಾದಿ. ಮುಂದ ಇದ್ದೋರು ಕಡೀಗಿ.

ನೀಲಾಬಾಯಿ: ಈ ಮರ್ಯಾದಿ ನಂಗ ಗೊತ್ತದ. ನಮ್ಮ ಲಗ್ನದಾಗ ಚಿಮ್ಮನಚೋಡದಾಗ ನಮ್ಮವ್ವಗ ಇದೇ ಮರ್ಯಾದಿ ಆಗಿತ್ತು.

ಕಾಶೀನಾಥ: ಬಂತು, ಚಿಮ್ಮನಚೋಡ ಬಂತು!

ನೀಲಾಬಾಯಿ: ಬರಬೇಕs. ಹೋಳಿಗಿ ಬಡದಾಕಿ ನಮ್ಮವ್ವ. ಮೊದಲಿನ ಪಂಕ್ತಿ ನಿಮ್ಮೋರದು. ನಿಮ್ಮ ಚಿಗಪ್ಪ ಎರಡು ಸಲ ಕುಂತ, ಮೀಸಿಗಿ ತುಪ್ಪ ಹತ್ತಿತ್ತು, ಇನ್ನೂ ಕಣ್ಣ ಮುಂದ ಅದ. ಹೆಣ್ಣಿನ ತಾಯಿ ಕಡೀ ಪಂಕ್ತಿಗೆ ಕುಂತಳು. ಆವಾಗ ಹೋಳಿಗಿ ಇಲ್ಲ, ತುಪ್ಪ ಇಲ್ಲ. ಅನ್ನಕ್ಕ ಕಟ್ಟಿನ ಸಾರು ಸುರಕೊಂಡು ಉಂಡಳು. ಪಾತ್ರಿ ತಳ ಕೆರೆಯೋ ಸಪ್ಪಳ ನಂಗ ಒಳಗ ಕೇಳಸ್ತಿತ್ತು. ಇವತ್ತ ಆಕಿ ಹೆಸರು ಕರಿಯೋರು ಈ ಭೂಮಿ ಮ್ಯಾಲೆ ಒಬ್ಬರಿಲ್ಲ. ಒಂದು ಕೂಸಿನ್ನರ ಭೀಮವ್ವ ಅಂತ ಒದರಿ ಊಟಕ್ಕ ಕರೀಬೇಕು ನಾ, ಮೊದಲಿನ ಪಂಕ್ತಿಗೆ.

ಅಷ್ಟರಲ್ಲಿ ಟಿವಿಯೊಳಗೆ ಚಪ್ಪಾಳೆ ಬಿತ್ತು. ಕೆಂಪು ಟೊಪ್ಪಿಗೆ ಮುಂದಾಗಿದ್ದ.

ಕಾಶೀನಾಥ: ನಾ ಹೇಳಲಿಲ್ಲೇನು? ಗುಂಡಮ್ಮ! ಫೋನ್ ತಾ ಇಕಡಿ.

ನೀಲಾಬಾಯಿ: ಇನ್ನೂ ಮೂರು ಕುಣಿ ಉಳದಾವ. ನಿಮಗ ಹ್ಯಾಂಗ ಇಷ್ಟು ಧೈರ್ಯ? ಅಂವ ಹೊಡಿಯೋಕಿಂತ ಮೊದಲs ನೀವು ಕೈ ಎತ್ತಲಿಕತ್ತೀರಿ.

ಕಾಶೀನಾಥ: ಅನುಭವ! ಸಾಹೇಬರ ಕ್ಲಬ್ಬಿನಾಗ...

ನೀಲಾಬಾಯಿ: ಕಂಟ್ಯಾಗ ಚೆಂಡು ಹುಡುಕಿದ ಅನುಭವ.

ಹಿತ್ತಲ ಬಾಗಿಲಿನಿಂದ ನೆರೆಮನೆಯ ಅಮೀರ್ಬೀ ಬಂದಳು, ಹೆಪ್ಪಿಗೆ ಮಜ್ಜಿಗೆ ಕೇಳಲು. ಕೈಯಲ್ಲಿ ಬಟ್ಟಲು ಹಿಡಿದವಳೇ ಟಿವಿ ನೋಡಿ ನಿಂತಳು.

ಅಮೀರ್ಬೀ: ಅಯ್ ಅಲ್ಲಾ, ಇದs ಆಟ ಮತ್ತ ಹಚ್ಚೀರೇನು ಕಾಶಣ್ಣ? ನಿನ್ನಿ ನಮ್ಮ ಮನ್ಯಾಗ ಕುಂತು ಪೂರಾ ಸಂಜಿ ನೋಡಿದ್ರಲ್ಲ, ನಮ್ಮ ಹುಡುಗ ತೌಹೀದನ ಜೋಡಿ?

ಕಾಶೀನಾಥ ಕೆಮ್ಮಿದ. ಆಮೇಲೆ ನಿಜವಾಗಿಯೂ ಕೆಮ್ಮು ಬಂತು.

ನೀಲಾಬಾಯಿ: ನಿನ್ನಿ ಸಂಜಿಗಿ ಮಠದಾಗ ಪ್ರವಚನ ಕೇಳಲಿಕತ್ತಿದ್ರಲ್ಲ ಇವರು.

ಅಮೀರ್ಬೀ: ನಮ್ಮ ಮನ್ಯಾಗs ಕೇಳ್ಯಾರ ಬಿಡು ಅಕ್ಕಾ. ಕೆಂಪು ಟೊಪ್ಪಿಗಿ ಗೆಲ್ಲತಾನ, ಕೆಂಪು ಟೊಪ್ಪಿಗಿ ಗೆಲ್ಲತಾನ ಅಂತ ಇವರದೇ ಪ್ರವಚನ. ನಮ್ಮ ಉಜ್ಮಾ ಧಾರಾವಾಹಿ ಬೇಕಂತ ಅತ್ತಳು, ಕೊಡಲಿಲ್ಲ. ಅಷ್ಟರಾಗ ಕರೆಂಟ್ ಹೋತು.

ನೀಲಾಬಾಯಿ: ಹಂಗಾರ ಇದು ಆಡಿ ಮುಗದ ಆಟ! ಗೆಲ್ಲೋ ಕುದರಿ ನೋಡಿ ಬಂದು ಬಾಲ ಹಿಡಕೊಂಡೀರಿ! ಇಷ್ಟೊತ್ತು ನಂಗ ಕಾಯ್ದೆ ಹೇಳಿದ್ರಿ, ಮೊಲ ಹೇಳಿದ್ರಿ, ಮರ್ಯಾದಿ ಹೇಳಿದ್ರಿ!

ಕಾಶೀನಾಥ: ಏ ನೀಲಾ, ಪೂರಾ ಎಲ್ಲಿ ನೋಡೀನಿ? ಮೂರು ಕುಣಿ ಉಳದಾಗ ಕರೆಂಟ್ ಹೋತು. ಬಸವಣ್ಣನಾಣಿ.

ನೀಲಾಬಾಯಿ: ಮೋಸಕ್ಕೂ ಬಸವಣ್ಣನ್ನ ಯಾಕ ಎಳೀತೀರಿ? ಸರೀರಿ, ಟಿವಿ ಬಂದ್ ಮಾಡತೀನಿ. ಈ ಆಟ ರದ್ದು. ಭೀಮಮ್ಮ ಅಂತ ಇಡೋದು.

ಕಾಶೀನಾಥ: ಅದ್ಯಾವ ನ್ಯಾಯ? ಉಳಿದ ಮೂರು ನಾನೂ ನೋಡಿಲ್ಲ, ನೀನೂ ನೋಡಿಲ್ಲ. ಇಲ್ಲಿಂದ ಇಬ್ಬರಿಗೂ ಸಮ.

ಅಮೀರ್ಬೀ: ಹೌದು ಅಕ್ಕಾ, ಇನ್ಸಾಫ್ ಆಗಲಿ. ನಂಗೂ ಗೊತ್ತಿಲ್ಲ, ನಾ ಪಂಚ ಕುಂದರತೀನಿ. ಜರಾ ಸರೀರಿ.

ಅಮೀರ್ಬೀ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ನಡುವೆ ಕೂತಳು. ಗಾಳಿ ಎಷ್ಟು ಜೋರಾಗಿತ್ತೆಂದರೆ ಆಟಗಾರರ ಪ್ಯಾಂಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಕೆಂಪು ಟೊಪ್ಪಿಗೆಯವನು ಹೊಡೆದ. ಚೆಂಡು ಒಣ ಹುಲ್ಲಿನ ಮೇಲೆ ಬಿದ್ದು, ಕುಣಿಯನ್ನು ದಾಟಿ, ಇಳಿಜಾರು ದಾಟಿ, ಸೀದಾ ಸಮುದ್ರಕ್ಕೆ ಹೋಯಿತು.

ನೀಲಾಬಾಯಿ: ಹೋತು! ಗುಂಡಮ್ಮತ್ತಿ ಗಂಗಿ ಸೇರಿದಳು!

ಕಾಶೀನಾಥ: ಗಾಳಿ ನೋಡು, ಗಾಳಿ! ಇದೇನು ಆಡೋ ಜಾಗಾ ಏನು? ಅನ್ಯಾಯ!

ನೀಲಾಬಾಯಿ: ಈಗ ಅನ್ಯಾಯ! ಇಷ್ಟೊತ್ತು ಮರ್ಯಾದಿ ಇತ್ತು.

ಆದರೆ ನೀಲಿ ಅಂಗಿಯವನ ಗತಿಯೂ ಅದೇ ಆಯಿತು. ಅವನ ಚೆಂಡು ಮತ್ತೆ ಮರಳಗುಂಡಿಗೆ ಬಿತ್ತು. ಹೊಡೆದ, ಗುಂಡಿಯ ಗೋಡೆಗೆ ಬಡಿದು ಅವನ ಕಾಲ ಹತ್ತಿರವೇ ಬಂತು. ಮತ್ತೆ ಹೊಡೆದ, ಮತ್ತೆ ಬಂತು. ನೀಲಾಬಾಯಿ ಸೆರಗನ್ನು ಬಾಯಿಗೆ ಹಿಡಿದಳು.

ನೀಲಾಬಾಯಿ: ಯಪ್ಪಾ, ಒಂದು ಮೊಲಾನರ ಬರಬಾರದೇನು ಅಲ್ಲಿ!

ಮೊಲ ಬರಲಿಲ್ಲ. ಮೂರೂ ಕುಣಿ ಮುಗಿದು, ಇಬ್ಬರೂ ಸೋತು ಟೊಪ್ಪಿಗೆ ತೆಗೆದು ಕೈ ಕುಲುಕಿದರು. ಆಗ ಟಿವಿಯಲ್ಲಿ ಒಂದು ಕೋಣೆ ತೋರಿಸಿದರು. ಬೋಳುತಲೆಯ ಒಬ್ಬ ಬ್ರೆಡ್ಡು ತಿನ್ನುತ್ತ ಕೂತಿದ್ದ. ಜನ ಓಡಿ ಬಂದು ಅವನನ್ನು ತಬ್ಬಿಕೊಂಡರು.

ಅಮೀರ್ಬೀ: ಇಂವ ಯಾಂವ? ಇವನ್ನ ಯಾರು ಹಿಡಿದಿದ್ರಿ?

ಕಾಶೀನಾಥ: ಯಾರೂ ಇಲ್ಲ. ಗಾಳಿ ಏಳೋಕಿಂತ ಮೊದಲs ಆಡಿ ಮುಗಿಸ್ಯಾನ. ಇವರಿಬ್ಬರೂ ಕೆಟ್ಟ ಮ್ಯಾಲೆ ಅವಂದೇ ಕಡಿಮಿ ಏಟು ಉಳದಾವ.

ನೀಲಾಬಾಯಿ: ಮೆತ್ತನ ಹುಲ್ಲಿನಾಂವ! ನಾ ಹೇಳಲಿಲ್ಲೇನು, ಮೊದಲಿನ ಪಂಕ್ತ್ಯಾಗ ಕುಂತಾಂವಗs ಹೋಳಿಗಿ!

ಅಷ್ಟರಲ್ಲಿ ಫೋನು ಬಡಿಯಿತು. ಭಾಗ್ಯಜ್ಯೋತಿ. ನೀಲಾಬಾಯಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಚ್ಚಿದಳು.

ಭಾಗ್ಯಜ್ಯೋತಿ: ಅವ್ವಾ, ಗುರುವಾರ ಜಲ್ದಿ ಬರ್ರಿ. ಹೆಸರು ಗೊತ್ತಾತೇನು? ಐಶ್ವರ್ಯ! ನಮ್ಮ ನಾದನಿ ಆರಿಸ್ಯಾಳ. ಕೂಸು ಹುಟ್ಟಿದ ದಿನಾನೇ ಆರಿಸಿ ಇಟ್ಟಿದ್ಲಂತ.

ನೀಲಾಬಾಯಿ: ಆಕಿ ಯಾಕ ಆರಸ್ತಾಳ?

ಭಾಗ್ಯಜ್ಯೋತಿ: ಸೋದರತ್ತಿ ಅಲ್ಲೇನವ್ವ? ಕೂಸಿನ ಕಿವ್ಯಾಗ ಕುರ್ರ್ ಅಂತ ಹೆಸರು ಹೇಳಾಕಿ ಆಕಿನೇ. ಆಕಿ ಹಕ್ಕು ಅದು. ನೀವು ಮತ್ತೇನರ ಅನಕೊಂಡಿದ್ರೇನು?

ಕಾಶೀನಾಥ: ಇಲ್ಲ ಇಲ್ಲ! ನಾವು ಸುಮ್ನ ಟಿವಿ ನೋಡಲಿಕತ್ತಿದ್ವಿ.

ನೀಲಾಬಾಯಿ ಫೋನು ಇಟ್ಟಳು. ಅಮೀರ್ಬೀ ಬಟ್ಟಲಲ್ಲಿ ಮುಖ ಮುಚ್ಚಿ ನಗುತ್ತಿದ್ದಳು.

ಕಾಶೀನಾಥ: ನಾವಿಬ್ಬರು ಕಣದಾಗs ಇದ್ದಿಲ್ಲ ನೋಡು. ಆಕಿ ನಾದನಿ, ಆ ಬೋಳುತಲಿಯಾಂವನಂಗ ಒಳಗ ಕುಂತು ಗೆದ್ದಳು.

ನೀಲಾಬಾಯಿ: ಒಂದು ಮಾತು ನಮ್ಮನ್ನ ಕೇಳಬಾರದಿತ್ತೇನು?

ಕಾಶೀನಾಥ: ನೀ ನಿಮ್ಮಣ್ಣನ ಮಕ್ಕಳಿಗೆ ಹೆಸರಿಡುವಾಗ ಯಾರನ್ನ ಕೇಳಿದ್ದಿ?

ನೀಲಾಬಾಯಿ: ಯಾರನ್ನೂ ಕೇಳಿಲ್ಲ. ಅದಕ್ಕs ಹೆಸರು ಹೇಳಲಿಕ್ಕೆ ಬಗ್ಗಿದಾಗ ಹೆಣ್ಮಕ್ಕಳೆಲ್ಲ ಕೂಡಿ ಪದ್ಧತಿ ಪರಕಾರ ಬೆನ್ನಿಗೆ ಗುದ್ದಿದ್ರು. ನಮ್ಮತ್ತಿಗಿ ಅವ್ವ ಗುದ್ದಿದ ಗುದ್ದು ಇನ್ನೂ ಮಳಿಗಾಲದಾಗ ಎಳೀತದ.

ಹಾಗೆಂದವಳು ಥಟ್ಟನೆ ನಿಂತಳು. ಮುಖದಲ್ಲಿ ಬೆಳಕು ಬಂತು. ಮೆಲ್ಲಗೆ ಬಲಗೈ ಬಳೆಗಳನ್ನು ಮೇಲೇರಿಸಿಕೊಂಡಳು.

ಅಮೀರ್ಬೀ: ಅಕ್ಕಾ, ಆ ನಾದನಿ ಬಡಕಿ ಹೆಣ್ಮಗಳು. ಜರಾ ಸರಿಸಿ, ನೋಡಿ ಗುದ್ದು.

ನೀಲಾಬಾಯಿ: ಸರಸಂಗಿಲ್ಲ ಅಮೀರ್ಬೀ. ಮೊಲ ತೋಡಿದ ಗುಂಡಿ ಅಲ್ಲ ಅದು. ಬೆನ್ನು ಇದ್ದಲ್ಲೇ ಆಡೋದು. ಒಂದು ನಮ್ಮವ್ವಂದು, ಒಂದು ಇವರವ್ವಂದು!