ವಿಮಾನದಲ್ಲಿ ಕಾವಿಗೆ ಕೂತ ಹೇಂಟೆಯವರಿಗೆ

ಮಾನ್ಯರೇ,

ಹೊನ್ನಕ್ಕನ ಮನೆಯ ಕೆಂಪು ಹೇಂಟೆಯವರಾದ ತಮಗೆ, ಯಲ್ಲಾಪುರದಲ್ಲಿ ಬಸ್ಸು ಲಾರಿಗಳ ತಗಡು ಬಡಿದು ನೇರ ಮಾಡುವ ನೆರೆಮನೆಯ ರಸೂಲ್ ತಲೆಬಾಗಿ ಸಲಾಮು ಮಾಡುತ್ತಾನೆ. ತಾವೂ ತಮ್ಮ ಮೊಟ್ಟೆಗಳೂ ಬೆಚ್ಚಗಿರುವಿರೆಂದು ಬಲ್ಲೆ. ಯಾಕೆಂದರೆ ತಾವು ಕೂತಿರುವುದು ನನ್ನ ಸೀಟಿನಲ್ಲಿ.

ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಅಲ್ಯೂಮಿನಿಯಂ ತಗಡು ಕತ್ತರಿಸಿ, ರಿವೆಟ್ಟು ಹೊಡೆದು, ಓಣಿಯವರ ಮಧ್ಯಾಹ್ನದ ನಿದ್ದೆ ಕೆಡಿಸಿ ನಾನು ಕಟ್ಟಿದ ವಿಮಾನವನ್ನು ಊರಿನವರು ನೀರಿನ ಟ್ಯಾಂಕೆಂದರು, ನನ್ನ ಹೆಂಡತಿ ಜೀನತ್ ಸವತಿಯೆಂದಳು. ಅದು ರೆಕ್ಕೆಯವರ ಸೊತ್ತೆಂದು ಕಂಡಕೂಡಲೇ ಗುರುತಿಸಿದ್ದು ತಾವೊಬ್ಬರೇ.

ಶಿರಸಿಯ ಕುಶನ್ ಅಂಗಡಿಯವರು ಸೀಟು ಕೇಳಿದಾಗಲೆಲ್ಲ "ನಾಳೆ ಬರ್ರಿ" ಎನ್ನುತ್ತಿದ್ದುದರಿಂದ, ನಾನು ಗೋಣಿಚೀಲಕ್ಕೆ ಭತ್ತದ ಹುಲ್ಲು ತುಂಬಿ ಪೈಲಟಿನ ಜಾಗದಲ್ಲಿಟ್ಟು, ಚೀಲದ ಬಾಯಿ ಹೊಲಿಯಲು ಮರೆತೆ. ಹುಲ್ಲಿನ ಹಾಸಿಗೆ, ಗಾಜಿನ ಕಿಟಕಿ, ಬೆಚ್ಚಗಿನ ತಗಡು! ಇಂಥ ಬಾಣಂತಿಕೋಣೆ ತಾಲೂಕಿನಲ್ಲೇ ಇಲ್ಲವೆಂಬ ತಮ್ಮ ತೀರ್ಮಾನ ಸರಿಯಾಗಿಯೇ ಇದೆ.

ಆದರೆ ಊರಿನ ರೈತ ಮಧುಕೇಶ್ವರರು ವಿಮಾನ ಓಡಿಸಿ ನೋಡಲು ನನಗೆ ಗದ್ದೆ ಬಿಟ್ಟುಕೊಟ್ಟಿರುವುದು ಮೊದಲ ಮಳೆಯವರೆಗೆ ಮಾತ್ರ. ಆಮೇಲೆ ಟ್ರ್ಯಾಕ್ಟರು ಇಳಿಯುತ್ತದೆ, ನನಗೆ ಮುಂದಿನ ಬೇಸಿಗೆಯೇ ಗತಿ. ಆಗಲೇ ಮೋಡ ಕಟ್ಟುತ್ತಿದೆ. ತಮ್ಮನ್ನು ಬುಟ್ಟಿಗೆ ಸಾಗಿಸೋಣವೆಂದರೆ ಹೊನ್ನಕ್ಕ ಬಾಗಿಲಿಗೆ ಅಡ್ಡ ನಿಂತು, "ಎಂತ ಭಾಯ್, ಕಾವಿಗೆ ಕೂತದ್ದನ್ನ ಏಳಿಸ್ತಾರಾ? ಪಾಪ ಬರ್ತದೆ ಮಾರಾಯ್ರೇ" ಎಂದಳು. ಜೀನತ್ ಕೂಡಲೇ ಆ ಪಕ್ಷ ಸೇರಿ ತಮಗೆ ಅಕ್ಕಿನುಚ್ಚು ತಂದಿಟ್ಟಳು. ಗಾಜಿನಾಚೆಯಿಂದ ತಾವು ಒಂದೇ ಕಣ್ಣಲ್ಲಿ ನನ್ನನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಆದ್ದರಿಂದ ವಿನಂತಿ: ಒಂದೋ ಬೇಗ ಮರಿ ಮಾಡಿ, ಇಲ್ಲವೇ ಮೋಡಗಳೊಡನೆ ಮಾತಾಡಿ, ರೆಕ್ಕೆಯವರ ಮಾತು ಅವು ಕೇಳಿಯಾವು. ಎರಡೂ ಆಗದಿದ್ದರೆ ಎಂಜಿನ್ ಚಾಲೂ ಮಾಡುವುದನ್ನಾದರೂ ಕಲಿಯಿರಿ. ಸೀಟು ಹೇಗೂ ತಮ್ಮದೇ.

ಕಾವಿಲ್ಲದೆ ಕಾಯುತ್ತಿರುವ
ತಮ್ಮ ವಿಶ್ವಾಸಿ,
ರಸೂಲ್

ತಾಜಾ ಕಲಂ: ಈ ಪತ್ರವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸುವಷ್ಟರಲ್ಲಿ ಮಳೆ ಸುರಿದು, ಗದ್ದೆ ಉಳುಮೆಯಾಗಿ, ತಮ್ಮ ಮರಿಗಳೂ ಹೊರಬಂದವು. ಇವತ್ತು ಅವುಗಳಲ್ಲೊಂದು ನನ್ನ ವಿಮಾನದ ರೆಕ್ಕೆಯ ತುದಿಗೆ ನಡೆದು, ಎಳೆರೆಕ್ಕೆ ಬಡಿದು ನೆಲಕ್ಕೆ ಹಾರಿತು. "ಅಂತೂ ಇಂತೂ ಹಾರ್ತಲ್ಲ!" ಎಂದು ಜೀನತ್ ಚಪ್ಪಾಳೆ ತಟ್ಟಿದಳು. ಸೀಟು ಗುಡಿಸಲು ಮಾತ್ರ ನಾನೇ ಬೇಕಾಯಿತು.